ಬನದೊಳಗೆ ಕತ್ತಿ ಒಯ್ಯಬಾರದು

ಕರಾವಳಿಯ ಯಾವುದಾದರೂ ಗುಡ್ಡದ ಮೇಲೆ ನಿಂತು ಕೆಳಗೆ ನೋಡಿ. ಅಡಿಕೆಯ ಸಾಲು, ತೆಂಗಿನ ಸಾಲು, ಎದುರು ಗುಡ್ಡದಲ್ಲಿ ರಬ್ಬರಿನ ಸಾಲು. ಇವುಗಳ ನಡುವೆ ಎಲ್ಲೋ ಒಂದು ಕಡೆ ಸಾಲೇ ಇಲ್ಲದ, ಎತ್ತರ ತಗ್ಗಿನ, ಕಪ್ಪಾಗಿ ಕಾಣುವಷ್ಟು ದಟ್ಟ ಹಸಿರಿನ ತುಂಡೊಂದು ಇರುತ್ತದೆ. ಅದು ನಾಗಬನ, ನಾಗದೇವರಿಗೆಂದು ಬಿಟ್ಟ ಕಾಡು. ಐದು ಸೆಂಟ್ಸ್ ಇರಬಹುದು, ಹತ್ತು ಸೆಂಟ್ಸ್ ಇರಬಹುದು. ಎಕರೆಗಟ್ಟಲೆ ಇರುವ ಬನ ಈಗ ಅಪರೂಪ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆ ಹಳೆಯ ಮನೆತನಗಳಿಗೆಲ್ಲ ತಮ್ಮದೇ ಒಂದು ಮೂಲನಾಗ ಇರುತ್ತದೆ, ಆ ನಾಗನಿಗೊಂದು ಬನ ಇರುತ್ತದೆ. ಮನೆ ಮಾರಿ ಮುಂಬೈ ಸೇರಿದವರೂ ವರ್ಷಕ್ಕೊಮ್ಮೆ ತಂಬಿಲ ಎಂಬ ನಾಗನ ಪೂಜೆ ಕೊಡಲು ಅದೇ ಬನವನ್ನು ಹುಡುಕಿಕೊಂಡು ಬರುತ್ತಾರೆ.

ಬನದ ಒಳಗೆ ಹೋದರೆ ಮೊದಲು ತಿಳಿಯುವುದು ತಂಪು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಸುಡುತ್ತಿದ್ದರೂ ಒಳಗೆ ಮಣ್ಣು ಹಸಿಯಾಗಿಯೇ ಇರುತ್ತದೆ. ಸುರಗಿ, ರೆಂಜೆ, ಹಾಲೆ, ಧೂಪ, ಹೆಬ್ಬಲಸು, ಬೈನೆ, ಅತ್ತಿ, ನಾಗಸಂಪಿಗೆ. ಮರದಿಂದ ಮರಕ್ಕೆ ತೊಡೆ ದಪ್ಪದ ಬಳ್ಳಿಗಳು. ಬುಡದಲ್ಲಿ ಬೆತ್ತದ ಪೊದೆ, ಹುತ್ತ, ಪಾಚಿ ಹಿಡಿದ ನಾಲ್ಕಾರು ನಾಗನ ಕಲ್ಲು. ಪಕ್ಕದಲ್ಲಿ ರಕ್ತೇಶ್ವರಿಗೊಂದು ಕಲ್ಲು, ಕ್ಷೇತ್ರಪಾಲನಿಗೊಂದು ಕಲ್ಲು. ಗೋಡೆ ಇಲ್ಲ, ಮಾಡು ಇಲ್ಲ, ಬಾಗಿಲಿಲ್ಲ.

ನಿಯಮಗಳು ಮಾತ್ರ ಇದ್ದವು. ಚಿಕ್ಕಂದಿನಲ್ಲಿ ಅಜ್ಜಿ ಅವನ್ನು ಮಗ್ಗಿ ಹೇಳಿಸಿದಂತೆ ಹೇಳಿಸಿದ್ದರು. ಬನದೊಳಗೆ ಕತ್ತಿ ಒಯ್ಯಬಾರದು. ಸೊಪ್ಪು ಕೊಯ್ಯಬಾರದು. ಒಣಗಿ ಬಿದ್ದ ಕೊಂಬೆಯನ್ನೂ ಒಲೆಗೆ ತರಬಾರದು. ಅಲ್ಲಿ ಉಗುಳಬಾರದು, ಕೂಗಾಡಬಾರದು. ಸಂಜೆಯ ನಂತರ ಆ ಕಡೆ ಸುಳಿಯಬಾರದು. ಮರ ಗಾಳಿಗೆ ಬಿದ್ದರೆ ಅಲ್ಲೇ ಕೊಳೆಯಲಿ. ಹಾಗಂತ ಬನಕ್ಕೆ ಯಾರೂ ಕಾವಲು ಕೂತದ್ದನ್ನು ನಾನು ನೋಡಿಲ್ಲ. ಕಟ್ಟಿಗೆಗೆ ಬಹಳ ಕಷ್ಟವಿದ್ದ ದಿನಗಳಲ್ಲೂ, ಗುಡ್ಡದ ಸೊಪ್ಪೆಲ್ಲ ಹಟ್ಟಿಗೆ ಬಂದು ಗುಡ್ಡ ಬೋಳಾದಾಗಲೂ, ಬನದ ಒಂದು ಕಡ್ಡಿಯನ್ನೂ ಯಾರೂ ಮುಟ್ಟಲಿಲ್ಲ.

ನನಗೆ ಇಲ್ಲಿ ಕಾಣುವ ದೊಡ್ಡ ಸಂಗತಿ ಇದೇ. ಈ ಭಕ್ತಿಯ ತಿರುಳು ಇರುವುದು ಬಿಟ್ಟುಬಿಡುವುದರಲ್ಲಿ. ದೇವರಿಗೆ ಏನು ಕೊಟ್ಟೆವು ಎಂಬ ಲೆಕ್ಕ ಅಲ್ಲಿ ತೀರಾ ಸಣ್ಣದು. ಪಂಚಮಿಯ ದಿನ ಒಂದಿಷ್ಟು ಹಾಲು, ಸೀಯಾಳ, ಅರಸಿನ, ಹಿಂಗಾರ, ಕೇದಗೆ. ಉಳಿದ ವರ್ಷವಿಡೀ ಮಾಡಬೇಕಾದ ಪೂಜೆ ಎಂದರೆ ಸುಮ್ನೆ ಇರುವುದು, ಆ ಜಾಗವನ್ನು ಅದರ ಪಾಡಿಗೆ ಬಿಡುವುದು. ಮನುಷ್ಯನಿಗೆ ಅದು ಸುಲಭದ ಪೂಜೆ ಅಂತ ನನಗನಿಸುವುದಿಲ್ಲ. ತನ್ನದೇ ಜಾಗ, ತನ್ನದೇ ಪಟ್ಟಾ, ಅಡಿಕೆಗೆ ಒಳ್ಳೆಯ ಬೆಲೆ, ಕೈಯಲ್ಲಿ ಕತ್ತಿ. ಆದರೂ ಆ ಹತ್ತು ಸೆಂಟ್ಸ್ ಬಿಟ್ಟು ಬೇಲಿ ಹಾಕಬೇಕು. ತಲೆಮಾರುಗಳಿಂದ ನಮ್ಮವರು ಅದನ್ನು ಮಾಡಿಕೊಂಡು ಬಂದರು.

ಆ ಭಕ್ತಿ ಈಗ ಬೇರೆ ದಾರಿ ಹಿಡಿದಿದೆ. ನಮ್ಮೂರ ಸುತ್ತಮುತ್ತ ನೋಡಿದರೆ ಸಾಕು. ಬನ ಇದ್ದಲ್ಲಿ ಈಗ ಎತ್ತರದ ಕಾಂಕ್ರೀಟ್ ಕಟ್ಟೆ. ಅದರ ಮೇಲೆ ಹೊಳೆಯುವ ಗ್ರಾನೈಟ್, ಸ್ಟೀಲ್ ಕಂಬಿ, ಸುತ್ತ ಇಂಟರ್‌ಲಾಕ್, ಮೇಲೆ ಶೀಟಿನ ಮಾಡು. ಹಳೆಯ ಮರಗಳಲ್ಲಿ ಒಂದೋ ಎರಡೋ ಉಳಿದಿರುತ್ತವೆ, ಅವಕ್ಕೂ ಬುಡದ ತನಕ ಸಿಮೆಂಟು. ಮಾಡಿಸಿದವರು ಕೆಟ್ಟವರಲ್ಲ. ಸಾಲ ಮಾಡಿ, ಕುಟುಂಬದವರೆಲ್ಲ ಸೇರಿ ಲಕ್ಷಗಟ್ಟಲೆ ಖರ್ಚು ಮಾಡಿ, ಆಶ್ಲೇಷಾಬಲಿ ಮಾಡಿಸಿ, ಊರಿಗೆಲ್ಲ ಊಟ ಹಾಕಿದವರು. ಅವರ ಭಕ್ತಿಯ ಬಗ್ಗೆ ನನಗೆ ಒಂದಿಷ್ಟೂ ಸಂಶಯ ಇಲ್ಲ. ದುಃಖ ಆಗುವುದು ಅದಕ್ಕೇ. ಕಾಡು ಕಡಿಯುವವನು ದುರಾಸೆಯಿಂದ ಕಡಿದರೆ ಬೈದು ತಡೆಯಬಹುದು. ಭಕ್ತಿಯಿಂದ ಕಡಿಯುವವನಿಗೆ ಏನು ಹೇಳುವುದು?

ನಮ್ಮ ಕುಟುಂಬದಲ್ಲೂ ಈ ಮಾತು ಬಂತು. ತಂಬಿಲ ಮುಗಿದು ಊಟಕ್ಕೆ ಕೂತಾಗ ಮಾವ ವಿಷಯ ಎತ್ತಿದರು. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ನಡೆಯುವ ಮನೆತನ ನಮ್ಮದು, ಬನದ ವಿಷಯದಲ್ಲಿ ಮಾವನದೇ ಯಜಮಾನಿಕೆ.

“ಎಲ್ಲರೂ ಮಾಡಿಸಿಯಾಯ್ತು. ನಮ್ಮ ನಾಗ ಮಾತ್ರ ಹೀಗೆ ಕಾಡಲ್ಲಿ ಇರಬೇಕಾ?” ಅಂದರು.

ದೊಡ್ಡಮ್ಮ ಬಡಿಸುತ್ತಿದ್ದವರು ಹಾಗೆಯೇ ನಿಂತರು. “ನಾಗ ಕಾಡಲ್ಲಿ ಅಲ್ಲದೆ ಮತ್ತೆಲ್ಲಿ ಇರುವುದು ತಮ್ಮಾ?”

“ಹಾಗಲ್ಲ ಅಕ್ಕ, ಬಂದವರಿಗೆ ನಿಲ್ಲಲಿಕ್ಕೆ ಜಾಗ ಬೇಡವಾ? ಇಂಬಳ ಹತ್ತುತ್ತದೆ, ಕೆಸರು. ಮಕ್ಕಳು ಬೆಂಗಳೂರಿನಿಂದ ಬರ್ತಾರೆ.”

“ವರ್ಷಕ್ಕೆ ಒಂದು ದಿನ ಬರುವವರಿಗೆ ಬೇಕಾಗಿ ವರ್ಷ ಪೂರ್ತಿ ಇರುವವನ ಮನೆ ಒಡೆಯುವುದಾ?”

ಆ ಮೇಲೆ ಮಾತು ಮುಂದುವರಿಯಲಿಲ್ಲ. ಮಾವನ ಮಾತಿನಲ್ಲೂ ಒಂದು ನ್ಯಾಯ ಇತ್ತು. ನೆರೆಕರೆಯಲ್ಲಿ ನಾಲ್ಕು ಕಟ್ಟೆ ಎದ್ದಾಗ ನಮ್ಮದು ಹಾಗೇ ಇದ್ದರೆ ನೋಡುವವರು ಹೇಳುವುದು ಒಂದೇ. ಇವರು ನಾಗನನ್ನು ಬಿಟ್ಟುಬಿಟ್ಟಿದ್ದಾರೆ, ಕೈಯಲ್ಲಿ ಹಣ ಇದ್ದೂ ಮಾಡಿಸುವುದಿಲ್ಲ. ಮನೆಯಲ್ಲಿ ಯಾರಿಗೋ ಮದುವೆ ಕೂಡಿಬರಲಿಲ್ಲ, ಯಾರಿಗೋ ಚರ್ಮದ ರೋಗ ಬಂತು ಅಂದರೆ ಜ್ಯೋತಿಷಿಗಳು ಇಡುವ ಪ್ರಶ್ನೆಯಲ್ಲಿ ಮೊದಲು ಕಾಣುವುದು ನಾಗದೋಷ. ಆ ಹೆದರಿಕೆಯನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಿದರೆ ಬನ ಉಳಿಯುವುದಿಲ್ಲ. ಬನವನ್ನು ಇಷ್ಟು ಕಾಲ ಕಾದದ್ದೂ ಆ ಹೆದರಿಕೆಯೇ ತಾನೆ?

ಇನ್ನು, ಬನ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ನಮ್ಮ ಕೆಳಗೆ ಇರುವುದು ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಬಿಸಿಲಿಗೆ ತೆರೆದುಕೊಂಡ ಮುರಕಲ್ಲು ಗಟ್ಟಿಯಾಗಿ, ಅದರ ಮೇಲೆ ಬಿದ್ದ ನೀರು ಹರಿದು ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ಅದಕ್ಕೇ ಇಷ್ಟು ಮಳೆ ಬಂದರೂ ಏಪ್ರಿಲ್‌ನಲ್ಲಿ ಬಾವಿ ತಳ ಕಾಣುವುದು. ಮರಗಳ ಬೇರು ಇಳಿದಲ್ಲಿ ಕಥೆ ಬೇರೆ. ಎಷ್ಟೋ ವರ್ಷಗಳ ತರಗೆಲೆ ಕೊಳೆತು ಮೆತ್ತನೆ ಆದ ನೆಲ ಮಳೆಯ ಹೊಡೆತವನ್ನು ತಡೆಯುತ್ತದೆ, ನೀರನ್ನು ಹಿಡಿದು ಬೇರಿನ ಸಂದಿಯಲ್ಲಿ ಕೆಳಗಿಳಿಸುತ್ತದೆ. ನಮ್ಮ ಹಿರಿಯರು ಬನವನ್ನು ಕೆರೆಯ ಮೇಲ್ಗಡೆಯೋ, ಒರತೆ ಇರುವ ಕಡೆಯೋ, ತೋಡು ಹುಟ್ಟುವಲ್ಲಿಯೋ ಬಿಟ್ಟದ್ದು ಅನೇಕ ಕಡೆ ಕಾಣುತ್ತದೆ. ತಿಳಿದೇ ಬಿಟ್ಟರೋ, ಬಿಟ್ಟದ್ದರಿಂದ ಒರತೆ ಉಳಿಯಿತೋ, ಎರಡೂ ಇರಬಹುದು.

ಹಾವಿನ ವಿಷಯ ಇನ್ನೂ ಸರಳ. ಹಾವು ತಾನೇ ಬಿಲ ತೋಡುವುದಿಲ್ಲ. ಗೆದ್ದಲು ಬಿಟ್ಟ ಹುತ್ತ, ಇಲಿಯ ಮಾಟೆ, ಟೊಳ್ಳು ಮರದ ಬುಡ ಅದರ ಮನೆ. ಅದು ಹಾಲು ಕುಡಿಯುವುದಿಲ್ಲ, ಇಲಿ ಕಪ್ಪೆ ತಿನ್ನುತ್ತದೆ. ಹುತ್ತ ಕೆಡವಿ, ತರಗೆಲೆ ಗುಡಿಸಿ, ನೆಲಕ್ಕೆ ಸಿಮೆಂಟ್ ಹಾಕಿದ ಮೇಲೆ ಅಲ್ಲಿ ಹಾವಿಗೆ ಏನೂ ಇಲ್ಲ. ಆಮೇಲೆ ಅದು ಬಚ್ಚಲ ಕೋಣೆಗೆ, ಕಟ್ಟಿಗೆ ಕೊಟ್ಟಿಗೆಗೆ ಬಂದರೆ ನಾವು ಹಾವು ಹಿಡಿಯುವವರಿಗೆ ಫೋನ್ ಮಾಡುತ್ತೇವೆ. ನಮ್ಮಲ್ಲಿ ನಾಗರಹಾವು ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುತ್ತಾರೆ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿದ ಹಾವಿಗೂ ಚಿತೆ ಇಡುವ ಜನ ನಾವು. ಸತ್ತ ಹಾವಿಗೆ ಅಷ್ಟು ಮರ್ಯಾದೆ ಕೊಡುವವರು ಬದುಕಿರುವ ಹಾವಿನ ಹುತ್ತವನ್ನು ಯಾಕೆ ಉಳಿಸಬಾರದು?

ಮರಗಳ ಜ್ಞಾನವೂ ಬನದ ಜೊತೆಯೇ ಹೋಗುತ್ತಿದೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆ ತಂದು ಕಷಾಯ ಕುಡಿಯುವ ಪದ್ಧತಿ ತುಳುನಾಡಿನಲ್ಲಿ ಇಂದಿಗೂ ಉಂಟು. ತುಳುವಿನಲ್ಲಿ ಆ ಮರವನ್ನು ಪಾಲೆ ಎನ್ನುತ್ತಾರೆ. ತೊಗಟೆಗೆ ಕಬ್ಬಿಣ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಹಾಗೆ ಮಾಡಿದರೆ ಎಷ್ಟು ಬೇಕೋ ಅಷ್ಟೇ ಬರುತ್ತದೆ, ಮರ ಸಾಯುವುದಿಲ್ಲ. ಕತ್ತಲಲ್ಲಿ ತಪ್ಪಿ ಕಾಸರಕದ ತೊಗಟೆ ತಂದು ಜೀವಕ್ಕೆ ಅಪಾಯ ಮಾಡಿಕೊಂಡವರ ಸುದ್ದಿಯೂ ಬರುತ್ತದೆ. ಹಾಲೆ ಮರ ಯಾವುದು ಅಂತ ಹಗಲಲ್ಲಿ ತೋರಿಸಲು ಮನೆಯ ಹತ್ತಿರ ಒಂದು ಬನ ಇದ್ದಿದ್ದರೆ ಅಂತಹ ತಪ್ಪು ಆಗುತ್ತಿತ್ತಾ ಅಂತ ನಾನು ಯೋಚಿಸುತ್ತೇನೆ.

ಘಟ್ಟದ ಮೇಲಿನ ಕೊಡಗಿನಲ್ಲಿ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಅಲ್ಲಿ ಅದರ ಹೆಸರು ದೇವರಕಾಡು. ಊರಿಗೊಂದು, ಕೆಲವು ಊರಿಗೆ ಎರಡು ಮೂರು. ಅಯ್ಯಪ್ಪ, ಭಗವತಿ, ಮಹಾದೇವ, ಭದ್ರಕಾಳಿ ಹೀಗೆ ಒಂದೊಂದು ಕಾಡಿಗೆ ಒಬ್ಬ ದೇವರು. ಬೇಟೆಯ ದೇವರಾದ ಅಯ್ಯಪ್ಪನಿಗೆ ಹರಕೆಯಾಗಿ ಮಣ್ಣಿನ ನಾಯಿಗಳನ್ನು ಒಪ್ಪಿಸುತ್ತಾರೆ. ಮರದ ಬುಡದಲ್ಲಿ ಸಾಲಾಗಿ ಇಟ್ಟ ನಾಯಿಗಳು ಮಳೆಗೆ ಕರಗುತ್ತಾ, ಪಾಚಿ ಹಿಡಿಯುತ್ತಾ, ಮತ್ತೆ ಮಣ್ಣಾಗುತ್ತವೆ. ಹರಕೆಯ ವಸ್ತು ಕೂಡ ಕಾಡಿಗೆ ಭಾರ ಆಗದ ಹಾಗಿರುವ ಈ ಪದ್ಧತಿ ನನಗೆ ಬಹಳ ಇಷ್ಟ.

ಕೊಡಗಿನಲ್ಲಿ ದಾಖಲೆ ಇರುವ ದೇವರಕಾಡುಗಳು 1,200ಕ್ಕೂ ಹೆಚ್ಚು. ಒಂದು ಸಣ್ಣ ಜಿಲ್ಲೆಯಲ್ಲಿ ಇಷ್ಟು ದಟ್ಟವಾಗಿ ದೇವರ ಕಾಡು ಇರುವುದು ಜಗತ್ತಿನಲ್ಲೇ ಅಪರೂಪ. ಆದರೆ ವಿಸ್ತೀರ್ಣದ ಕಥೆ ಬೇಸರದ್ದು. 1905ರಲ್ಲಿ ಇವನ್ನು ಕಂದಾಯ ಇಲಾಖೆಗೆ ಒಪ್ಪಿಸಿದಾಗ ಒಟ್ಟು ಸುಮಾರು 15,500 ಎಕರೆ ಇತ್ತು. 1985ರಲ್ಲಿ ಮತ್ತೆ ಅರಣ್ಯ ಇಲಾಖೆಯ ಕೈಗೆ ಬರುವಾಗ ಉಳಿದದ್ದು ಸುಮಾರು 6,300 ಎಕರೆ. ಎಂಬತ್ತು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಹೆಚ್ಚಿನದು ಕಾಫಿ ತೋಟಕ್ಕೆ, ಒಂದಿಷ್ಟು ಮನೆಗೆ, ರಸ್ತೆಗೆ. ಕೆಲವು ಕಡೆ ದೇವರಿಗೇ. ಮೊದಲು ಮರದ ಬುಡದ ಕಲ್ಲಿಗೊಂದು ಗುಡಿ. ಗುಡಿಗೆ ಪೌಳಿ, ಪೌಳಿಗೆ ಹೊರಾಂಗಣ, ಊಟದ ಹಾಲ್, ವಾಹನ ನಿಲ್ಲಿಸಲು ಜಾಗ. ಕಾಡಿನೊಳಗೆ ದೇವರಿದ್ದ ಕಡೆ, ಗುಡಿಯ ಹಿಂದೆ ನಾಲ್ಕು ಮರ ಇರುವಂತಾಯಿತು.

ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಶೋನಿಲ್ ಭಾಗವತ್ ಮತ್ತು ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪ ಮೊದಲಾದವರು ಕೊಡಗಿನ ದೇವರಕಾಡು, ಮೀಸಲು ಅರಣ್ಯ ಮತ್ತು ಕಾಫಿ ತೋಟಗಳಲ್ಲಿ ಮರ, ಹಕ್ಕಿ, ಅಣಬೆಗಳನ್ನು ಎಣಿಸಿ 2005ರಲ್ಲಿ ಬರೆದಿದ್ದಾರೆ. ದೇವರಕಾಡನ್ನು ಒಂಟಿ ತುಂಡಾಗಿ ನೋಡಬೇಡಿ, ಸುತ್ತಲಿನ ತೋಟಗಳ ನೆರಳಿನ ಮರಗಳ ಜೊತೆಗೇ ನೋಡಿ ಎಂಬುದು ಅವರ ಮಾತಿನ ಸಾರ. ಸುತ್ತಲಿನ ತೋಟದಲ್ಲಿ ಕಾಡಿನ ಮರಗಳೇ ನೆರಳಾಗಿದ್ದರೆ ಹಕ್ಕಿ ಒಂದು ದೇವರಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಬೀಜವೂ ಅದರ ಜೊತೆ ಹೋಗುತ್ತದೆ. ನೆರಳು ಕಡಿದು ಸಿಲ್ವರ್ ಓಕ್ ಮಾತ್ರ ಇಟ್ಟರೆ ದೇವರಕಾಡು ಒಂಟಿಯಾಗುತ್ತದೆ. ಬನದ ನಾಲ್ಕು ಗಡಿಯೊಳಗೆ ಮಾತ್ರ ಭಕ್ತಿ ಇಟ್ಟುಕೊಂಡು ಆಚೆ ಮನಬಂದಂತೆ ಮಾಡಿದರೆ ಬನವೂ ಉಳಿಯುವುದಿಲ್ಲ ಅಂತ ನನಗೆ ಇದರಿಂದ ಅರ್ಥವಾಯಿತು.

ಶಿವಮೊಗ್ಗ, ಉತ್ತರ ಕನ್ನಡದ ಕಾನುಗಳೆಂಬ ನಂಬಿಕೆಯ ಕಾಡುಗಳು ಇನ್ನೊಂದು ಪಾಠ ಹೇಳುತ್ತವೆ. 19ನೇ ಶತಮಾನದಲ್ಲಿ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲೂಕೊಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಒಟ್ಟು 32 ಸಾವಿರ ಎಕರೆಗೂ ಮೇಲೆ. ಆ ಕಾನುಗಳಲ್ಲಿ ಜನ ಕಾಳುಮೆಣಸು ಕೊಯ್ಯುತ್ತಿದ್ದರು, ಬೈನೆ ಮರದಿಂದ ಕಳ್ಳು ಇಳಿಸುತ್ತಿದ್ದರು, ಜೇನು ತರುತ್ತಿದ್ದರು. ಚೌಡಿ, ಜಟಕ, ಹುಲಿದೇವರು ಅಲ್ಲೇ ಇದ್ದರು. ಹಸಿ ಮರಕ್ಕೆ ಕೊಡಲಿ ಹಾಕುವಂತಿರಲಿಲ್ಲ, ಅಷ್ಟೇ. ಅಂದರೆ ನಂಬಿಕೆಯ ಕಾಡು ಎಲ್ಲ ಕಡೆಯೂ ಪೂರ್ತಿ ಮುಟ್ಟಬಾರದ ಕಾಡಾಗಿರಲಿಲ್ಲ. ಕೆಲವು ಕಡೆ ಎಷ್ಟು ಮುಟ್ಟಬಹುದು ಎಂಬ ಲೆಕ್ಕ ಇತ್ತು. ಆ ಲೆಕ್ಕ ಊರಿನವರ ಕೈಯಿಂದ ಹೋಗಿ ಸರ್ಕಾರದ ಕೈಗೆ ಬಂದಾಗ ಜನರ ಜವಾಬ್ದಾರಿಯೂ ಸಡಿಲವಾಯಿತು. ನಮ್ಮ ಕಾಡು ಅನ್ನುವುದು ಹೋಗಿ ಇಲಾಖೆಯ ಕಾಡು ಆಯಿತು.

ಸಿದ್ದಾಪುರ ತಾಲೂಕಿನ ಕತ್ತಲೆಕಾನನ್ನು ಒಮ್ಮೆಯಾದರೂ ನೋಡಬೇಕು. ಹೊನ್ನಾವರದಿಂದ ಘಟ್ಟ ಹತ್ತುವ ರಸ್ತೆಯ ಬದಿಯಲ್ಲೇ ಇದೆ. ವರ್ಷವಿಡೀ ನೀರು ನಿಂತ ಜೌಗಿನಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳು. ನೀರಿನೊಳಗೆ ಉಸಿರು ಸಿಗದು ಅಂತ ಅವುಗಳ ಬೇರು ಮಂಡಿ ಮಡಚಿದ ಹಾಗೆ ಮೇಲೆದ್ದು ಮತ್ತೆ ಕೆಸರಿಗೆ ಇಳಿಯುತ್ತದೆ. ಇಂತಹ ಜೌಗುಗಳು ಬಹಳ ಹಳೆಯ ಕಾಡಿನ ಉಳಿಕೆ. ಗದ್ದೆಗೆ, ಅಡಿಕೆ ತೋಟಕ್ಕೆ ಹೇಳಿ ಮಾಡಿಸಿದ ಜಾಗ ಆದ್ದರಿಂದ ಹೆಚ್ಚಿನವು ಎಂದೋ ಹೋದವು. ಉಳಿದಲ್ಲಿ ಏನಿದೆ ಎಂಬುದು ಇನ್ನೂ ಗೊತ್ತಾಗುತ್ತಲೇ ಇದೆ. ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವನ್ನು ವಿಜ್ಞಾನಿಗಳು ಮೊದಲ ಸಲ ಗುರುತಿಸಿ ಹೆಸರಿಟ್ಟದ್ದು 2000ದಲ್ಲಿ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಆ ಕಾನಿನ ಹೆಸರನ್ನೇ ಕೊಟ್ಟರು. ಜಗತ್ತಿನಲ್ಲಿ ಉಳಿದಿರುವ ಆ ಜಾತಿಯ ದೊಡ್ಡ ಮರಗಳು ತೀರಾ ಕಡಿಮೆ. ಯೋಚಿಸಿ ನೋಡಿ. ಯಾರೋ ಒಬ್ಬ ರೈತ ಆ ಜೌಗನ್ನು ಸಮ ಮಾಡಿ ತೋಟ ಮಾಡಿದ್ದರೆ ಹೆಸರು ಸಿಗುವ ಮೊದಲೇ ಆ ಮರ ಇಲ್ಲವಾಗುತ್ತಿತ್ತು.

ಕಾಡಷ್ಟೇ ಅಲ್ಲ, ನೀರಿನಲ್ಲೂ ಈ ನಂಬಿಕೆ ಕೆಲಸ ಮಾಡಿದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಪಕ್ಕ ಕಪಿಲಾ ನದಿ ಹರಿಯುತ್ತದೆ. ಅಲ್ಲಿನ ಮೀನುಗಳು ದೇವರ ಮೀನುಗಳು. ಹೆಚ್ಚಿನವು ಮಹಶೀರ್. ತುಳುವಿನಲ್ಲಿ ಪೆರುವೊಳು. ಬೇರೆ ಹೊಳೆಗಳಲ್ಲಿ ತೋಟೆ ಸಿಡಿಸಿ, ಬಲೆ ಹಾಕಿ ಖಾಲಿ ಮಾಡಿದ ಮೀನು ಇಲ್ಲಿ ಮೊಣಕೈ ಉದ್ದ ಬೆಳೆದು ಮೆಟ್ಟಿಲ ತನಕ ಬರುತ್ತದೆ. ಶೃಂಗೇರಿಯ ತುಂಗೆಯಲ್ಲೂ, ಕಾವೇರಿ ದಡದ ರಾಮನಾಥಪುರದಲ್ಲೂ ಹೀಗೇ. 1996ರಲ್ಲಿ ಶಿಶಿಲದ ನೀರಿಗೆ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಊರವರು ಆ ಮೀನುಗಳಿಗಾಗಿ ಸ್ಮಾರಕ ಕಟ್ಟಿದರು, ಆಮೇಲೆ ಕಾವಲು ಬಿಗಿ ಮಾಡಿದರು. ಮೀನುಗಳು ಮತ್ತೆ ತುಂಬಿದವು. ನಂಬಿಕೆ ಒಂದೇ ಸಾಕು ಅಂತ ನಾನು ಹೇಳಲಾರೆ. ಎಲ್ಲರೂ ನಂಬುವ ಕಾಲದಲ್ಲಿ ಹೆದರಿಕೆಯೇ ಬೇಲಿ. ಒಬ್ಬ ನಂಬದವನು ಬಂದರೂ ಸಾಕು, ಕಣ್ಣಿಟ್ಟು ಕಾಯುವವರು ಬೇಕಾಗುತ್ತದೆ.

ಈ ಮಾತು ನಮ್ಮ ಹಿಂದೂ ಮನೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಂಗಳೂರಿನ ಕ್ರೈಸ್ತರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಇಗರ್ಜಿಗೆ ತಂದು ಆಶೀರ್ವಾದ ಮಾಡಿಸಿ, ಮನೆಗೆ ಒಯ್ದು ಹೊಸ ಅಕ್ಕಿ ಊಟ ಮಾಡುತ್ತಾರೆ. ನಾವು ತೆನೆ ಕಟ್ಟುತ್ತೇವೆ. ಎರಡು ಮನೆಯವರಿಗೂ ಈಗ ಒಂದೇ ಕಷ್ಟ. ತೆನೆ ಎಲ್ಲಿಂದ ತರುವುದು? ಗದ್ದೆಗಳು ಅಡಿಕೆ ತೋಟ ಆದವು, ತೋಟ ಸೈಟ್ ಆಯಿತು. ಹಬ್ಬ ಉಳಿಯಬೇಕಾದರೆ ಗದ್ದೆ ಉಳಿಯಬೇಕು, ಅಲ್ವಾ?

ದೂರದ ಇಥಿಯೋಪಿಯಾದ ಉತ್ತರ ಭಾಗದಲ್ಲಿ ಕಾಡು ಉಳಿದದ್ದು ಹೆಚ್ಚಾಗಿ ಹಳೆಯ ಇಗರ್ಜಿಗಳ ಸುತ್ತ. ಬಾಕಿ ಹೆಚ್ಚಿನದು ಹೊಲ, ಹುಲ್ಲುಗಾವಲು. ದನಗಳು ಒಳಗೆ ನುಗ್ಗಿ ಸಸಿ ತಿಂದು ಆ ಕಾಡೂ ಅಂಚಿನಿಂದ ಸವೆಯುತ್ತಿತ್ತು. ಅಲ್ಲಿನ ಅರಣ್ಯ ವಿಜ್ಞಾನಿ ಅಲೆಮಾಯೆಹು ವಾಸ್ಸಿ ಪಾದ್ರಿಗಳ ಜೊತೆ ಕೂತು ಮಾತಾಡಿದರು. ಊರವರು ಹೊಲದಲ್ಲಿ ಬಿದ್ದಿದ್ದ ಕಲ್ಲುಗಳನ್ನೇ ಹೆಕ್ಕಿ ಕಾಡಿನ ಸುತ್ತ ಒಣ ಗೋಡೆ ಕಟ್ಟಿದರು. ಹೊಲವೂ ಹಸನಾಯಿತು, ಒಳಗೆ ಸಸಿಯೂ ಎದ್ದಿತು. ಕೆಲವು ಕಡೆ ಗೋಡೆಯನ್ನು ಕಾಡಿನ ಅಂಚಿಗಿಂತ ಆಚೆ ಕಟ್ಟಿ ಕಾಡು ಬೆಳೆಯಲು ಜಾಗ ಬಿಟ್ಟರಂತೆ. ಕಟ್ಟುವ ಆಸೆ ಇದ್ದವರಿಗೆ ಕಟ್ಟಲು ಏನಾದರೂ ಬೇಕು. ಕಾಡಿನ ಒಳಗೆ ಕಟ್ಟುವ ಕಡೆ ಸುತ್ತ ಕಟ್ಟಿದರು. ನಮ್ಮ ಮಾವನಿಗೆ ನಾನು ಹೇಳಿದ್ದು ಈ ಕಥೆಯನ್ನೇ.

ಬನದ ಹಳೆಯ ಕಟ್ಟುಪಾಡುಗಳನ್ನು ಹಾಗೆಯೇ ಮರಳಿ ತರಬೇಕು ಅಂತ ನನಗೆ ಅನಿಸುವುದಿಲ್ಲ. ಹೆಂಗಸರನ್ನು ದೂರ ಇಟ್ಟದ್ದು, ಜಾತಿ ನೋಡಿ ಒಳಗೆ ಬಿಟ್ಟದ್ದು, ಬೇಲಿ ಆಚೆ ನಿಂತು ಕೈ ಮುಗಿಯಿರಿ ಅಂದದ್ದು ಎಲ್ಲವೂ ಅದರಲ್ಲಿ ಸೇರಿತ್ತು. ಬನದ ಗಿಡಮರ, ಹಾವು, ಹಕ್ಕಿಗಳ ಬಗ್ಗೆ ಯಾರಿಗಿಂತಲೂ ಚೆನ್ನಾಗಿ ತಿಳಿದ ಬುಡಕಟ್ಟು ಜನರಾದ ಕೊರಗರೂ ಮಲೆಕುಡಿಯರೂ ಊರಿನ ದೇವಸ್ಥಾನದ ಸಭೆಯಲ್ಲಿ ಎಂದೂ ಮುಂದಿನ ಸಾಲಿನಲ್ಲಿ ಕೂತದ್ದಿಲ್ಲ. ಮರವನ್ನು ಮುಟ್ಟಬೇಡಿ ಎಂಬ ನಿಯಮ ಉಳಿಯಲಿ. ಮನುಷ್ಯರನ್ನು ಮುಟ್ಟಬೇಡಿ ಎಂಬುದು ಹೋಗಲಿ. ಇವೆರಡನ್ನೂ ಒಟ್ಟಿಗೆ ಕಟ್ಟಿ ಇಡಬೇಕಾದ ಅಗತ್ಯ ಏನೂ ಇಲ್ಲ.

ಕಾನೂನು ಕೂಡ ಈಗ ನಿಧಾನವಾಗಿ ಈ ಕಡೆ ತಿರುಗುತ್ತಿದೆ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ರಾಜಸ್ಥಾನದ ಓರಣ್‌ಗಳ ಬಗ್ಗೆ ತೀರ್ಪು ಕೊಟ್ಟಿತು. ಓರಣ್ ಅಂದರೆ ಅಲ್ಲಿನ ದೇವರಕಾಡು. ಅವನ್ನು ಒಂದೊಂದಾಗಿ ಗುರುತಿಸಿ ನಕ್ಷೆ ಮಾಡಿ ಎಂದು ಆ ರಾಜ್ಯಕ್ಕೆ ಹೇಳಿತು. ದೇಶದ ಎಲ್ಲ ದೇವರಕಾಡುಗಳಿಗೂ ಒಂದು ನೀತಿ ಬೇಕು ಎಂದು ಕೇಂದ್ರಕ್ಕೂ ಸೂಚಿಸಿತು. ಒಳ್ಳೆಯದೇ. ಆದರೆ ಕರಾವಳಿಯ ಬನಗಳು ಬಹುತೇಕ ಖಾಸಗಿ ಜಾಗದಲ್ಲಿವೆ. ಒಂದೊಂದು ಕುಟುಂಬದ ಊಟದ ಮನೆಯಲ್ಲಿ ಅವುಗಳ ಹಣೆಬರಹ ತೀರ್ಮಾನ ಆಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ತಂತ್ರಿಗಳು, ಪ್ರಶ್ನೆ ಇಡುವವರು, ಮೈಮೇಲೆ ನಾಗನ ಆವೇಶ ಬರುವ ನಾಗಪಾತ್ರಿಗಳು ಏನು ಹೇಳುತ್ತಾರೆ ಎಂಬುದು ತುಂಬಾ ಮುಖ್ಯ. ಜನ ಅವರ ಮಾತು ಕೇಳುತ್ತಾರೆ. ಅವರು ಒಂದು ಕಟ್ಟೆಯ ಬದಲು ಹತ್ತು ಗಿಡ ನೆಡಿ ಅಂದರೆ ಯಾರೂ ಎದುರಾಡುವುದಿಲ್ಲ.

ನಮ್ಮ ಮನೆಯಲ್ಲಿ ಅದು ನಿಜವಾಯಿತು. ಮಾವ ತಂತ್ರಿಗಳ ಹತ್ತಿರ ಕೇಳಿಕೊಂಡು ಬರುತ್ತೇನೆ ಎಂದು ಹೋದರು. ದೊಡ್ಡಮ್ಮನೂ ಜೊತೆಗೆ ಹೊರಟರು. ತಂತ್ರಿಗಳು ಹಿರಿಯರು. ಎಲ್ಲ ಕೇಳಿ, “ಬನದಲ್ಲಿ ಮರ ಉಂಟಾ?” ಅಂತ ಕೇಳಿದರಂತೆ. ಉಂಟು ಅಂದದ್ದಕ್ಕೆ, “ಹಾಗಾದರೆ ನಾಗನಿಗೆ ಮಾಡು ಉಂಟು. ನೀವು ಬೇರೆ ಎಂತ ಹಾಕುವುದು?” ಅಂದರಂತೆ. ಮಾವ ಅದನ್ನು ನಮಗೆ ಹೇಳುವಾಗ ಅವರ ಮುಖದಲ್ಲೂ ಒಂದು ನೆಮ್ಮದಿ ಇತ್ತು. ಇಷ್ಟು ದಿನ ಅವರಿಗೂ ಬೇಕಾಗಿದ್ದು ಬಹುಶಃ ಇಂತಹ ಒಂದು ಮಾತು.

ಈಗ ಆಗಿರುವ ತೀರ್ಮಾನ ಇಷ್ಟು. ನಾಗನ ಕಲ್ಲುಗಳು ಇದ್ದಲ್ಲೇ ಇರುತ್ತವೆ. ಸುತ್ತ ಮುರಕಲ್ಲಿನ ಒಂದು ಸಾಲು, ಗಾರೆ ಇಲ್ಲದೆ. ಜನ ನಿಲ್ಲಲು ಬನದ ಹೊರಗೆ, ಗದ್ದೆಯ ಬದಿಯಲ್ಲಿ ಒಂದು ಸಣ್ಣ ಚಪ್ಪರ. ಅದು ತಂಬಿಲದ ದಿನ ಹಾಕಿ ಮರುದಿನ ತೆಗೆಯುವಂಥದ್ದು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಲು ಅರಸಿನ ತಂದವರು ಆ ತೊಟ್ಟೆಯನ್ನು ಮನೆಗೇ ಒಯ್ಯಬೇಕು. ತರಗೆಲೆ ಗುಡಿಸುವುದು ಕಲ್ಲಿನ ಮುಂದಿನ ಎರಡು ಹೆಜ್ಜೆ ಮಾತ್ರ. ತೋಟದ ಕಡೆ ಬನ ತೆಳುವಾದಲ್ಲಿ ಒಂದು ಸಾಲು ಅಡಿಕೆ ತೆಗೆದು ಗಿಡ ನೆಡುವುದು. ಅಡಿಕೆ ತೆಗೆಯಲು ಒಪ್ಪಿದ್ದು ಮಾವ. ಅವರಿಗೆ ಅದು ಸಣ್ಣ ವಿಷಯ ಅಲ್ಲ, ಫಲ ಬರುತ್ತಿರುವ ಮರಗಳು.

ಯಾವ ಗಿಡ ನೆಡುವುದು ಎಂಬುದಕ್ಕೆ ದೊಡ್ಡಮ್ಮನ ಪಟ್ಟಿಯೇ ಪಟ್ಟಿ. ರೆಂಜೆ, ಹಾಲೆ, ನಾಗಸಂಪಿಗೆ ನರ್ಸರಿಯಲ್ಲಿ ಸಿಕ್ಕಿದವು. ಧೂಪದ ಬೀಜ ಮಳೆ ಶುರುವಾಗುವಾಗ ಮರದ ಬುಡದಲ್ಲೇ ಬಿದ್ದು ಮೊಳೆಯುತ್ತದೆ, ಹೆಕ್ಕಿ ತಂದರೆ ಆಯಿತು. ಸುರಗಿ ಇನ್ನೂ ಸಿಕ್ಕಿಲ್ಲ. ದೊಡ್ಡಮ್ಮ ಹೇಳುವ ಪ್ರಕಾರ ನಮ್ಮ ಬನದಲ್ಲಿ ಹಿಂದೆ ಎರಡು ಸುರಗಿ ಇದ್ದವು, ಒಣಗಿದ ಹೂವನ್ನೂ ಮುಡಿಯುತ್ತಿದ್ದರು, ಪರಿಮಳ ಹೋಗುತ್ತಿರಲಿಲ್ಲ. ಮೂರನೇ ಮನೆಯವರ ಬನದಲ್ಲಿ ಒಂದು ಹಳೆಯ ಸುರಗಿ ಉಳಿದಿದೆ. ಆ ಬನದ ಸುತ್ತ ಇಂಟರ್‌ಲಾಕ್ ಹಾಕಿದ್ದಾರೆ, ಬಿದ್ದ ಬೀಜ ಮೊಳೆಯಲು ಜಾಗ ಇಲ್ಲ. ಈ ಸಲ ಹಣ್ಣು ಬಿದ್ದಾಗ ಗುಡಿಸಿ ಎಸೆಯಬೇಡಿ, ನಾವು ಬಂದು ಹೆಕ್ಕುತ್ತೇವೆ ಅಂತ ಅವರಲ್ಲಿ ಕೇಳಿಕೊಂಡಿದ್ದೇವೆ. ಆಗಬಹುದು ಅಂದಿದ್ದಾರೆ. ಮೊಳೆತದ್ದರಲ್ಲಿ ಒಂದೆರಡು ಗಿಡ ಅವರಿಗೂ ಬೇಕಂತೆ.